ನೋಡದವನ ಹೊಣೆ

ಇಪ್ಪತ್ತು ವರ್ಷ ಪಾಠ ಹೇಳಿದವನಿಗೆ ಕೆಲವು ವಾಕ್ಯಗಳ ಪರಿಚಯ ಚೆನ್ನಾಗಿ ಆಗಿಬಿಡುತ್ತದೆ. ಅವುಗಳಲ್ಲಿ ಮೊದಲನೆಯದು, "ನನಗೆ ಗೊತ್ತಿರಲಿಲ್ಲ ಸಾರ್" ಎಂಬುದು. ಪರೀಕ್ಷೆಯ ತಾರೀಖು ಗೊತ್ತಿರಲಿಲ್ಲ, ಪ್ರಬಂಧ ಒಪ್ಪಿಸಬೇಕೆಂದು ಗೊತ್ತಿರಲಿಲ್ಲ, ಗ್ರಂಥಾಲಯದ ಪುಸ್ತಕದ ಹಾಳೆ ಹರಿದವರು ಯಾರೆಂದು ಗೊತ್ತಿರಲಿಲ್ಲ. ಇದನ್ನು ಆಡುವ ಹುಡುಗ ಸುಳ್ಳು ಹೇಳುತ್ತಾನೆಂದಲ್ಲ. ಎಷ್ಟೋ ಸಲ ಅವನಿಗೆ ನಿಜವಾಗಿಯೂ ಗೊತ್ತಿರುವುದಿಲ್ಲ. ಆದರೆ ಗೊತ್ತುಮಾಡಿಕೊಳ್ಳಲು ಅವನು ಸೂಚನಾಫಲಕದ ಕಡೆಗೆ ಒಮ್ಮೆ ತಲೆಯೆತ್ತಿ ನೋಡಿದ್ದರೆ ಸಾಕಾಗಿತ್ತು. "ಗೊತ್ತಿಲ್ಲದ್ದು ತಪ್ಪಲ್ಲಪ್ಪ, ನೋಡದೆ ಇದ್ದದ್ದು ತಪ್ಪು" ಎಂದು ಗದರಿಸಿ ಕಳುಹಿಸುವುದು ನನ್ನ ವಾಡಿಕೆ. ಅದೇ ಮಾತನ್ನು ನನಗೆ ನಾನೇ ಹೇಳಿಕೊಳ್ಳಬೇಕಾದ ಕಾಲ ಬಂದೀತೆಂದು ಎಣಿಸಿರಲಿಲ್ಲ.

ಕೆಲವು ವರ್ಷದ ಹಿಂದಿನ ಮಾತು. ಪದವಿಪೂರ್ವ ತರಗತಿಯ ಮಕ್ಕಳಿಗೆ ಪಾಠದ ವೇಳೆ, ರಜೆ, ಪರೀಕ್ಷೆ ಮೊದಲಾದ ಸಮಾಚಾರ ತಿಳಿಸುವುದಕ್ಕೆಂದು ಮೊಬೈಲಿನಲ್ಲಿ ಒಂದು ಗುಂಪು ಕಟ್ಟಿದ್ದೆ. ನೂರಕ್ಕೆ ಮೇಲ್ಪಟ್ಟು ಹುಡುಗರು, ಹುಡುಗಿಯರು. ಮೊದಮೊದಲು ಬಂದದ್ದನ್ನೆಲ್ಲ ಓದುತ್ತಿದ್ದೆ. ಬರಬರುತ್ತ ಹುಟ್ಟುಹಬ್ಬದ ಹಾರೈಕೆ, ನಗೆಚಿತ್ರ, ಬೆಳಗಿನ ಶುಭಾಶಯ ಇವುಗಳ ಹೊಳೆಯೇ ಹರಿಯತೊಡಗಿತು. ಬೇಸತ್ತು, ಆ ಗುಂಪಿನ ಸದ್ದು ನನ್ನ ಕಿವಿಗೆ ಬೀಳದಂತೆ ಮಾಡಿಬಿಟ್ಟೆ. ಹೇಳಬೇಕಾದದ್ದು ಇದ್ದಾಗ ಹೋಗಿ ಹೇಳಿ ಬರುವುದು, ಉಳಿದಂತೆ ಆ ಕಡೆ ತಲೆ ಹಾಕದೆ ಇರುವುದು ರೂಢಿಯಾಯಿತು.

ಒಂದು ರಾತ್ರಿ ಆ ಗುಂಪಿನ ಹುಡುಗನೊಬ್ಬ, ತನ್ನ ಸಹಪಾಠಿಯಾದ ಹದಿನೇಳು ವರ್ಷದ ಹುಡುಗಿಯ ಮುಖವನ್ನು ಬೇರೊಂದು ದೇಹಕ್ಕೆ ಅಂಟಿಸಿ, ಆ ಚಿತ್ರವನ್ನು ಅಲ್ಲಿ ಹಾಕಿದ. ಮುಖ ಸಿಕ್ಕಿದ್ದು ಎಲ್ಲಿಂದ? ಅವಳು ಚರ್ಚಾಸ್ಪರ್ಧೆಯಲ್ಲಿ ಬಹುಮಾನ ತೆಗೆದುಕೊಂಡ ದಿನ, ಹೆಮ್ಮೆಯಿಂದ ನಾನೇ ಎಲ್ಲರಿಗೂ ಕಾಣುವಂತೆ ಹಾಕಿದ್ದ ಫೋಟೋದಿಂದ. ಮಾರನೆಯ ಮಧ್ಯಾಹ್ನ ಸಹೋದ್ಯೋಗಿಯೊಬ್ಬರು ಹೇಳುವವರೆಗೆ ಅದು ಅಲ್ಲೇ ಇತ್ತು. ಅಷ್ಟೂ ಮಕ್ಕಳಲ್ಲಿ ಒಬ್ಬರೂ ನನಗೇಕೆ ತಿಳಿಸಲಿಲ್ಲವೆಂದು ಆಮೇಲೆ ಕೇಳಿದೆ. ಒಬ್ಬ ಹುಡುಗಿ ಹೇಳಿದ ಉತ್ತರವನ್ನು ಮರೆಯಲಾರೆ: "ನೀವೂ ಇದ್ದೀರಲ್ಲ ಸಾರ್, ನೋಡಿ ಸುಮ್ಮನಿದ್ದೀರಿ ಅಂದುಕೊಂಡ್ವಿ."

ಮೂರನೆಯ ದಿನ ಹುಡುಗಿಯ ತಂದೆ ಬಂದರು. ಹಳ್ಳಿಯಲ್ಲಿ ಸಣ್ಣದೊಂದು ದಿನಸಿ ಅಂಗಡಿ ಇಟ್ಟುಕೊಂಡವರು. ಎತ್ತಿದ ದನಿಯಲ್ಲಿ ಮಾತನಾಡಿದವರಲ್ಲ. ಆ ದಿನವೂ ಆಡಲಿಲ್ಲ. "ನೀವೂ ಅದರಲ್ಲಿ ಇದ್ದಿರಂತಲ್ಲ ಮೇಷ್ಟ್ರೇ?" ಎಂದಷ್ಟೇ ಕೇಳಿದರು. "ನನಗೆ ಗೊತ್ತಿರಲಿಲ್ಲ" ಎಂದೆ. ಹೇಳಿದ್ದು ಸತ್ಯ. ಅವರು ಸ್ವಲ್ಪ ಹೊತ್ತು ನೆಲ ನೋಡುತ್ತ ಕುಳಿತಿದ್ದು, "ಇರಬಹುದು" ಎಂದರು.

ಕಾನೂನಿನ ಮಾತು ತೆಗೆದುಕೊಂಡರೆ ನಾನು ನಿರಪರಾಧಿ. ಕೇರಳದಲ್ಲಿ ಹೀಗೆಯೇ ಒಂದು ವಾಟ್ಸ್ಆಪ್ ಗುಂಪಿನಲ್ಲಿ ಸದಸ್ಯನೊಬ್ಬ ಮಕ್ಕಳ ವಿಷಯದ ಹೇಯವಾದ ದೃಶ್ಯವನ್ನು ಹಾಕಿದಾಗ, ಗುಂಪು ಕಟ್ಟಿದವನ ಮೇಲೂ ಮೊಕದ್ದಮೆ ಹೂಡಿದ್ದರು. ೨೦೨೨ರ ಫೆಬ್ರವರಿಯಲ್ಲಿ ಅಲ್ಲಿಯ ಹೈಕೋರ್ಟು ಅದನ್ನು ವಜಾ ಮಾಡಿತು. ಗುಂಪಿನ ಅಡ್ಮಿನ್‌ಗೆ ಇರುವ ಅಧಿಕಾರ ಜನರನ್ನು ಸೇರಿಸುವುದು, ತೆಗೆಯುವುದು ಇಷ್ಟೇ. ಇನ್ನೊಬ್ಬ ಏನನ್ನು ಹಾಕುತ್ತಾನೆಂಬುದು ಅವನ ಹತೋಟಿಯಲ್ಲಿಲ್ಲ. ಹತೋಟಿಯಿಲ್ಲದವನಿಗೆ ಇನ್ನೊಬ್ಬನ ಅಪರಾಧವನ್ನು ಹೊರಿಸಲಾಗದು ಎಂಬುದು ತೀರ್ಪಿನ ಸಾರ. ತೀರ್ಪು ಸರಿಯಾಗಿಯೇ ಇದೆ. ನನಗೆ ಸಮಾಧಾನ ತರುವುದಕ್ಕೂ ಸಾಕಾಗಬೇಕಾಗಿತ್ತು.

ಸಾಕಾಗಲಿಲ್ಲ, ಬದಲಿಗೆ ಒಂದು ಪ್ರಶ್ನೆಯನ್ನು ಎಬ್ಬಿಸಿತು. ಹತೋಟಿಯಿಲ್ಲದವನಿಗೆ ಹೊಣೆಯಿಲ್ಲ ಎಂದಾದರೆ, ಹತೋಟಿಯಿರುವವನ ಮಾತೇನು? ನಾನು ಕಟ್ಟಿದ್ದು ಇನ್ನೊಬ್ಬರ ಜಾಗದಲ್ಲಿ ಒಂದು ಚಿಕ್ಕ ಚಪ್ಪರ. ಆ ಜಾಗವನ್ನು ಮಾಡಿದವರು, ಅದರ ಬಾಗಿಲು ಬೀಗಗಳನ್ನು ಇಟ್ಟವರು, ಯಾರು ಯಾರನ್ನು ಕಾಣಬಹುದೆಂದು ಗೊತ್ತುಮಾಡುವವರು, ಅದರಿಂದ ಸಂಪಾದನೆ ಮಾಡುವವರು ಇದ್ದಾರಲ್ಲ, ಆ ಜಾಲತಾಣಗಳ ಒಡೆಯರು ಕೂಡ "ನಮಗೆ ಗೊತ್ತಿರಲಿಲ್ಲ" ಎನ್ನಬಹುದೆ? ಜಗತ್ತಿನ ಶಾಸನಸಭೆಗಳು ಮೂವತ್ತು ವರ್ಷದಿಂದ ತಡಕಾಡುತ್ತಿರುವುದು ಈ ಪ್ರಶ್ನೆಯನ್ನೇ.

ಹಳೆಯದನ್ನು ಓದುವುದು ನನ್ನ ಕಸುಬಾದುದರಿಂದ, ತೊಡಕು ಬಂದಾಗ ಹಳೆಯದರ ಕಡೆ ಕೈ ಹೋಗುತ್ತದೆ. ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ವಿಜ್ಞಾನೇಶ್ವರ ಬರೆದದ್ದು ನಮ್ಮ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ. ಆ ಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ, ಕಳ್ಳತನದ ಪ್ರಕರಣದಲ್ಲಿ, ಹತ್ತಿರ ಹತ್ತಿರವೇ ಎರಡು ವಿಧಿಗಳಿವೆ. ಕಳ್ಳನಿಗೋ ಕೊಲೆಗಾರನಿಗೋ ಅನ್ನ, ಇಂಬು, ಬೆಂಕಿ, ನೀರು, ಉಪಾಯ, ಸಲಕರಣೆ ಕೊಟ್ಟವನಿಗೆ ಅತಿ ಹೆಚ್ಚಿನ ದಂಡ ಎನ್ನುತ್ತದೆ ಒಂದು ವಿಧಿ. ಅದರಲ್ಲಿ ಮುಖ್ಯವಾದ ಒಂದು ಮಾತಿದೆ: ಅರಿತು ಕೊಟ್ಟವನಿಗೆ. ಅರಿಯದೆ ದಾರಿಹೋಕನಿಗೆ ನೀರು ಕೊಟ್ಟ ಗೃಹಸ್ಥನಿಗೆ ಅಂಜಿಕೆಯಿಲ್ಲ. ಇನ್ನೊಂದು ವಿಧಿಯ ರೀತಿಯೇ ಬೇರೆ. ಊರೊಳಗೆ ಕೊಲೆಯೋ ಕಳವೋ ನಡೆದು, ಕಳ್ಳನ ಹೆಜ್ಜೆಯ ಜಾಡು ಊರಿನಿಂದ ಹೊರಗೆ ಹೋದದ್ದು ಕಾಣದಿದ್ದರೆ, ದೋಷ ಊರಿನ ಒಡೆಯನದು. ಹುಲ್ಲುಗಾವಲಿನಲ್ಲಾದರೆ ಅದರ ಒಡೆಯನದು. ದಾರಿಯಲ್ಲಾದರೆ ಕಳ್ಳರನ್ನು ಹಿಡಿಯಲು ನೇಮಕವಾದ ಅಧಿಕಾರಿಯದು. ಇಲ್ಲಿ ಅರಿತು ಅರಿಯದೆ ಎಂಬ ಮಾತೇ ಇಲ್ಲ. ಊರು ಯಾರ ಕೈಯಲ್ಲಿದೆಯೋ ಊರಿನ ರಾತ್ರಿಯೂ ಅವನ ಕೈಯಲ್ಲಿದೆ.

ಎರಡೂ ನ್ಯಾಯವೇ. ಒಂದು ಬಿಡಿ ಮನುಷ್ಯನ ನ್ಯಾಯ, ಇನ್ನೊಂದು ಒಡೆತನದ ನ್ಯಾಯ. ಜಾಲತಾಣದ ಒಡೆಯ ಇವರಲ್ಲಿ ಯಾರು? ದಾರಿಹೋಕನಿಗೆ ನೀರು ಕೊಟ್ಟ ಗೃಹಸ್ಥನೋ, ಊರಿನ ಒಡೆಯನೋ? ನನ್ನ ಮಟ್ಟಿಗೆ ಇಡೀ ಚರ್ಚೆ ಈ ಒಂದು ಮಾತಿನಲ್ಲಿ ಅಡಗಿದೆ.

ನಮ್ಮ ದೇಶದಲ್ಲಿ ಈ ಪ್ರಶ್ನೆ ಮೊದಲು ಜೋರಾಗಿ ಎದ್ದದ್ದು ೨೦೦೪ರಲ್ಲಿ. ದೆಹಲಿಯ ಶಾಲಾ ವಿದ್ಯಾರ್ಥಿಗಳಿಬ್ಬರ ಖಾಸಗಿ ದೃಶ್ಯವೊಂದನ್ನು ಯಾರೋ ಬಾಝೀ ಡಾಟ್ ಕಾಂ ಎಂಬ ಜಾಲದ ಸಂತೆಯಲ್ಲಿ ಮಾರಾಟಕ್ಕಿಟ್ಟ. ಬೆಲೆ ೧೨೫ ರೂಪಾಯಿ. ನವೆಂಬರ್ ೨೭ರ ಶನಿವಾರ ರಾತ್ರಿಯೇ ಒಬ್ಬ ಬಳಕೆದಾರ ದೂರು ಬರೆದಿದ್ದ. ಅದನ್ನು ತೆಗೆದುಹಾಕಿದ್ದು ೨೯ರ ಸೋಮವಾರ ಬೆಳಗ್ಗೆ. ನಡುವೆ ಭಾನುವಾರ, ಸಂತೆ ತೆರೆದಿತ್ತು, ನೋಡುವವರಿರಲಿಲ್ಲ. ತೆಗೆಯುವ ಹೊತ್ತಿಗೆ ಎಂಟು ಜನ ಕೊಂಡಾಗಿತ್ತು. ಡಿಸೆಂಬರಿನಲ್ಲಿ ಕಂಪನಿಯ ಮುಖ್ಯಸ್ಥರನ್ನು ಪೊಲೀಸರು ಬಂಧಿಸಿದಾಗ ದೇಶದಲ್ಲಿ ದೊಡ್ಡ ಗುಲ್ಲೆದ್ದಿತು. ಉದ್ಯಮಕ್ಕೆ ಇದರಿಂದ ಏನು ಹಾನಿ, ಹೂಡಿಕೆದಾರರು ಏನೆಂದುಕೊಂಡಾರು ಎಂಬ ಮಾತೇ ಮುಂದಾಯಿತು. ಮೊಕದ್ದಮೆಗಳು ವರ್ಷಗಟ್ಟಲೆ ನಡೆದು, ಮುಖ್ಯಸ್ಥರ ಮೇಲಿನದು ೨೦೧೨ರಲ್ಲಿ, ಇನ್ನೊಬ್ಬ ಅಧಿಕಾರಿಯ ಮೇಲಿನದು ೨೦೧೬ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಕೊನೆಗೊಂಡವು. ಒಬ್ಬನ ತಪ್ಪಿಗೆ ಇನ್ನೊಬ್ಬನನ್ನು ಕೈಗೆ ಸಿಕ್ಕಿದನೆಂದು ಸೆರೆಗೆ ಹಾಕುವುದು ನ್ಯಾಯವಲ್ಲ, ಒಪ್ಪಬೇಕು. ಆದರೆ ಆ ಎಲ್ಲ ಗದ್ದಲದಲ್ಲಿ ಶನಿವಾರ ರಾತ್ರಿಯಿಂದ ಸೋಮವಾರ ಬೆಳಗಿನವರೆಗೆ ದೂರು ಓದುವವರು ಏಕಿರಲಿಲ್ಲ ಎಂದು ಕೇಳಿದವರು ಕಡಿಮೆ. ಆ ಹುಡುಗಿಯ ಭಾನುವಾರ ಹೇಗಿತ್ತೆಂದು ಕೇಳಿದವರು ಇನ್ನೂ ಕಡಿಮೆ.

ಆ ಪ್ರಕರಣದ ತರುವಾಯ ೨೦೦೦ದ ಮಾಹಿತಿ ತಂತ್ರಜ್ಞಾನ ಕಾಯಿದೆಗೆ ೨೦೦೮ರಲ್ಲಿ ತಿದ್ದುಪಡಿಯಾಯಿತು. ಒಂದು ಕಡೆ ಮಕ್ಕಳನ್ನು ಬಳಸಿದ ಇಂಥ ದೃಶ್ಯಗಳನ್ನು ಪ್ರತ್ಯೇಕ ಅಪರಾಧವೆಂದು ೬೭ ಬಿ ವಿಧಿ ಸೇರಿತು. ಇನ್ನೊಂದು ಕಡೆ ೭೯ನೆಯ ವಿಧಿ ಮಧ್ಯವರ್ತಿಗಳಿಗೆ ವಿಶಾಲವಾದ ರಕ್ಷಣೆ ಕೊಟ್ಟಿತು: ತಾನು ಸಂದೇಶವನ್ನು ಹೊರಡಿಸದೆ, ಯಾರಿಗೆ ಹೋಗಬೇಕೆಂದು ಆರಿಸದೆ, ಅದರಲ್ಲಿರುವುದನ್ನು ಆಯದೆ, ತಿದ್ದದೆ, ತಕ್ಕ ಎಚ್ಚರಿಕೆಯಿಂದ ನಡೆದುಕೊಂಡ ಮಧ್ಯವರ್ತಿಗೆ ಇನ್ನೊಬ್ಬನ ಮಾತಿನ ಹೊಣೆಯಿಲ್ಲ, ಅರಿವಿಗೆ ಬಂದ ಮೇಲೂ ತೆಗೆಯದಿದ್ದರೆ ಮಾತ್ರ ಹೊಣೆ. ಅರಿವೆಂದರೇನೆಂಬುದನ್ನು ೨೦೧೫ರ ಶ್ರೇಯಾ ಸಿಂಘಾಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಇನ್ನಷ್ಟು ಬಿಗಿಮಾಡಿತು: ನ್ಯಾಯಾಲಯದ ಆದೇಶವೋ ಸರ್ಕಾರದ ತಿಳಿವಳಿಕೆಯೋ ಬಂದರೆ ಅದು ಅರಿವು. ಹಾಗೆ ಮಾಡಲು ಕಾರಣವೂ ಇತ್ತು. ಸಿಕ್ಕಸಿಕ್ಕವರು ಕೊಟ್ಟ ದೂರಿಗೆಲ್ಲ ಹೆದರಿ ಕಂಪನಿಗಳು ಜನರ ನ್ಯಾಯವಾದ ಮಾತನ್ನೂ ಅಳಿಸತೊಡಗಿದರೆ ವಾಕ್‌ಸ್ವಾತಂತ್ರ್ಯ ಉಳಿಯುವುದಿಲ್ಲ. ಈ ಭಯವನ್ನು ಹಗುರವಾಗಿ ಕಾಣಬಾರದು. ಆದರೂ ನೋಡಿ, ನಾವು ನಿಂತಿರುವುದು ಸ್ಮೃತಿಯ ಮೊದಲ ವಿಧಿಯಲ್ಲೇ. ಮಧ್ಯವರ್ತಿ ದಾರಿಹೋಕನಿಗೆ ನೀರು ಕೊಟ್ಟ ಗೃಹಸ್ಥ.

ಈ ಗೃಹಸ್ಥನ ಕಲ್ಪನೆಗೆ ಜಾಲದ ಯುಗದಲ್ಲಿ ದೊಡ್ಡ ನೆಲೆ ಕೊಟ್ಟದ್ದು ಅಮೆರಿಕ. ಅದರ ಕಥೆ ನೀತಿಶಾಸ್ತ್ರದ ಪಾಠದಂತಿದೆ. ನ್ಯೂಯಾರ್ಕಿನ ಎರಡು ನ್ಯಾಯಾಲಯಗಳ ಮುಂದೆ ಮಾನಹಾನಿಯ ಎರಡು ಮೊಕದ್ದಮೆಗಳು ಬಂದವು. ೧೯೯೧ರದು ಕಂಪ್ಯೂಸರ್ವ್ ಎಂಬ ಕಂಪನಿಯ ಮೇಲೆ. ಅದು ತನ್ನಲ್ಲಿ ಬರುವ ಬರಹಗಳನ್ನು ನೋಡುತ್ತಿರಲಿಲ್ಲ. ಪುಸ್ತಕದಂಗಡಿಯವನಂತೆ ಅರಿಯದವನೆಂದು ಬಿಡುಗಡೆಯಾಯಿತು. ೧೯೯೫ರದು ಪ್ರಾಡಿಜಿ ಎಂಬುದರ ಮೇಲೆ. ಅದು ತನ್ನದು ಸಂಸಾರವಂತರಿಗೆ ತಕ್ಕ ಸಭ್ಯ ತಾಣವೆಂದು ಹೇಳಿಕೊಂಡು ಹೊಲಸನ್ನು ಅಳಿಸುತ್ತಿತ್ತು. ನೋಡುವವನು ನೀನು, ಆದುದರಿಂದ ಹೊಣೆ ನಿನ್ನದು ಎಂದಿತು ನ್ಯಾಯಾಲಯ. ಕಣ್ಣು ಮುಚ್ಚಿದವನು ಪಾರಾದ, ತೆರೆದವನು ಸಿಕ್ಕಿಬಿದ್ದ. ಈ ವಿಪರೀತವನ್ನು ಸರಿಪಡಿಸಲೆಂದೇ ೧೯೯೬ರಲ್ಲಿ ಅಲ್ಲಿಯ ಕಾಂಗ್ರೆಸ್ಸು ೨೩೦ನೆಯ ವಿಧಿಯನ್ನು ಮಾಡಿತು. ಕೆಟ್ಟದ್ದನ್ನು ತೆಗೆಯಲು ಹೋದವನಿಗೆ ಅದರಿಂದಲೇ ತೊಂದರೆಯಾಗಬಾರದು ಎಂಬುದು ಉದ್ದೇಶ.

ಉದ್ದೇಶ ಒಳ್ಳೆಯದು. ಆದರೆ ೧೯೯೭ರ ಒಂದು ತೀರ್ಪು ಆ ವಿಧಿಗೆ ವಿಶಾಲವಾದ ಅರ್ಥ ಮಾಡಿತು: ದೂರು ಬಂದು ಅರಿವಾಗಿದ್ದರೂ ಕಂಪನಿಯ ಮೇಲೆ ದಾವೆ ನಿಲ್ಲದು. ಅದರ ಫಲ ಫ್ಲಾರಿಡಾದ ಒಬ್ಬ ತಾಯಿಗೆ ತಟ್ಟಿತು. ಅವಳ ಹನ್ನೊಂದು ವರ್ಷದ ಮಗನನ್ನು ಒಬ್ಬ ದುಷ್ಟ ಕೆಡಿಸಿ, ಆ ದೃಶ್ಯಗಳಿಗೆ ಅಮೆರಿಕ ಆನ್‌ಲೈನ್ ಎಂಬ ಕಂಪನಿಯ ಹರಟೆಕೋಣೆಗಳಲ್ಲಿ ಗಿರಾಕಿ ಹುಡುಕಿದ್ದ. ಅವನ ವಿಷಯ ಕಂಪನಿಗೆ ಮೊದಲೇ ದೂರು ಹೋಗಿತ್ತೆಂಬುದು ತಾಯಿಯ ವಾದ. ೨೦೦೧ರಲ್ಲಿ ಫ್ಲಾರಿಡಾದ ಸರ್ವೋಚ್ಚ ನ್ಯಾಯಾಲಯ ದಾವೆಯೇ ಸಲ್ಲದೆಂದಿತು. ಆದುದರಿಂದ ಅವಳ ಮಾತು ನಿಜವೋ ಸುಳ್ಳೋ ಎಂಬ ವಿಚಾರಣೆಯೇ ನಡೆಯಲಿಲ್ಲ. ಕ್ರಿಮಿನಲ್ ಕಾನೂನಿಗೆ ೨೩೦ನೆಯ ವಿಧಿ ಅಡ್ಡಿಯಲ್ಲವೆಂಬುದನ್ನು ಇಲ್ಲಿ ಹೇಳಬೇಕು. ಮಕ್ಕಳ ಶೋಷಣೆಯ ದೃಶ್ಯ ತಮ್ಮಲ್ಲಿ ಇದೆಯೆಂದು ತಿಳಿದರೆ ಕಂಪನಿಗಳು ವರದಿ ಮಾಡಲೇಬೇಕೆಂಬ ಕಾನೂನೂ ಅಲ್ಲಿದೆ. ಆದರೆ ಹುಡುಕಬೇಕೆಂಬ ಕಟ್ಟಳೆ ಇಲ್ಲ. ತಿಳಿದರೆ ಹೇಳು, ತಿಳಿದುಕೊಳ್ಳಲೇಬೇಕೆಂದಿಲ್ಲ. ನೋಡಲು ಉತ್ತೇಜನ ಕೊಡಲೆಂದು ಕಟ್ಟಿದ ಮನೆ ನೋಡದವನಿಗೂ ನೆರಳಾಯಿತು.

ಗೃಹಸ್ಥನೆಂಬ ಹೋಲಿಕೆಯನ್ನು ನಾನು ಒಪ್ಪದಿರುವುದು ಇಲ್ಲಿ. ಗೃಹಸ್ಥ ದಾರಿಹೋಕರನ್ನು ಆರಿಸುವುದಿಲ್ಲ. ಅಂಚೆಯ ಜವಾನ ಕಾಗದದ ಮೇಲಿರುವ ವಿಳಾಸಕ್ಕೆ ಹೋಗುತ್ತಾನೆ, ತಾನಾಗಿ ವಿಳಾಸ ಬರೆಯುವುದಿಲ್ಲ. ಇಂದಿನ ಜಾಲತಾಣ ಬರೆಯುತ್ತದೆ. ಯಾರಿಗೆ ಏನನ್ನು ತೋರಿಸಬೇಕು, ಯಾರಿಗೆ ಯಾರನ್ನು ಪರಿಚಯಿಸಬೇಕು ಎಂಬುದನ್ನು ಅದರ ಯಂತ್ರಗಳೇ ಗೊತ್ತುಮಾಡುತ್ತವೆ. ಅದೇ ಅದರ ವ್ಯಾಪಾರ. ನಮ್ಮ ೭೯ನೆಯ ವಿಧಿ ಸಂದೇಶ ಪಡೆಯುವವನನ್ನು ನೀನು ಆರಿಸಿದೆಯಾ ಎಂದು ಕೇಳುತ್ತದೆ. ಇಂದು ಇದಕ್ಕೆ ಇಲ್ಲವೆಂದು ಎದೆ ಮುಟ್ಟಿಕೊಂಡು ಹೇಳಬಲ್ಲ ದೊಡ್ಡ ತಾಣ ಎಷ್ಟಿವೆ? ಹುಡುಗಿಯ ಮುಂದೆ ಅಪರಿಚಿತನನ್ನು ತಂದು ನಿಲ್ಲಿಸಿ, ಇವನನ್ನು ನೀನು ಬಲ್ಲೆಯಾ ಎಂದು ಕೇಳಿದವನು ದಾರಿಯ ಗೃಹಸ್ಥನಲ್ಲ.

ಮನಸ್ಸು ಮಾಡಿದರೆ ಎಷ್ಟು ಸುಲಭವೆಂಬುದಕ್ಕೂ ನಿದರ್ಶನವಿದೆ. ಇನ್‌ಸ್ಟಾಗ್ರಾಂ ಆರಂಭವಾದದ್ದು ೨೦೧೦ರಲ್ಲಿ. ತಮ್ಮನ್ನು ಅನುಸರಿಸದ ಹದಿಹರೆಯದವರಿಗೆ ದೊಡ್ಡವರು ನೇರ ಸಂದೇಶ ಕಳುಹಿಸಬಾರದೆಂಬ ನಿಯಮ ಅದು ತಂದದ್ದು ೨೦೨೧ರ ಮಾರ್ಚಿಯಲ್ಲಿ. ಹದಿನಾರು ತುಂಬದವರು ಹೊಸದಾಗಿ ಸೇರಿದರೆ ಅವರ ಖಾತೆ ಮೊದಲಿಗೇ ಖಾಸಗಿಯಾಗಿರಬೇಕೆಂದು ಮಾಡಿದ್ದು ಅದೇ ಜುಲೈಯಲ್ಲಿ. ಇದಕ್ಕೆ ಹೊಸ ವಿಜ್ಞಾನ ಬೇಕಾಗಿರಲಿಲ್ಲ. ಬಾಗಿಲಿಗೆ ಅಗುಳಿ ಹಾಕುವಷ್ಟು ಕೆಲಸ. ಹನ್ನೊಂದು ವರ್ಷ ಹಿಡಿಯಿತು.

ಇತ್ತೀಚಿನ ಶಾಸನಗಳು ಸ್ಮೃತಿಯ ಎರಡನೆಯ ವಿಧಿಯ ಕಡೆಗೆ ತಿರುಗಿವೆ ಎನ್ನಬಹುದು. ಬ್ರಿಟನ್ನಿನ ಆನ್‌ಲೈನ್ ಸುರಕ್ಷತಾ ಕಾಯಿದೆಗೆ ೨೦೨೩ರ ಅಕ್ಟೋಬರ್ ೨೬ರಂದು ಒಪ್ಪಿಗೆ ದೊರೆಯಿತು. ನಿನಗೆ ಗೊತ್ತಿತ್ತೇ ಎಂದು ಅದು ಕೇಳುವುದು ಆಮೇಲೆ. ನಿನ್ನ ತಾಣದಲ್ಲಿ ಮಕ್ಕಳಿಗೆ ಯಾವ ಅಪಾಯವಿದೆಯೆಂದು ಮುಂಚಿತವಾಗಿ ಲೆಕ್ಕಹಾಕಿದೆಯಾ, ಅದನ್ನು ತಗ್ಗಿಸಲು ಏನು ಮಾಡಿದೆ ಎಂದು ಕೇಳುವುದು ಮೊದಲು. ತಪ್ಪಿದರೆ ೧ ಕೋಟಿ ೮೦ ಲಕ್ಷ ಪೌಂಡು, ಅಥವಾ ಜಗತ್ತಿನಾದ್ಯಂತದ ವರಮಾನದ ನೂರಕ್ಕೆ ಹತ್ತು, ಯಾವುದು ಹೆಚ್ಚೋ ಅಲ್ಲಿಯವರೆಗೆ ದಂಡ. ಆಸ್ಟ್ರೇಲಿಯ ೨೦೨೪ರಲ್ಲಿ ಮಾಡಿ ೨೦೨೫ರ ಡಿಸೆಂಬರ್ ೧೦ರಿಂದ ಜಾರಿಗೆ ತಂದ ಕಾನೂನು ಹದಿನಾರರ ಒಳಗಿನವರಿಗೆ ಸಾಮಾಜಿಕ ಜಾಲತಾಣಗಳ ಖಾತೆಯೇ ಕೂಡದೆಂದಿತು. ಅದು ಅತಿಯಾಯಿತೋ ಇಲ್ಲವೋ ಎಂಬ ಚರ್ಚೆ ಬೇರೆ. ನನಗೆ ಮುಖ್ಯವಾಗಿ ಕಂಡದ್ದು, ದಂಡ ಮಗುವಿಗೂ ಇಲ್ಲ, ತಾಯಿತಂದೆಗಳಿಗೂ ಇಲ್ಲ; ತಾಣಕ್ಕೆ ಮಾತ್ರ.

ನಮ್ಮಲ್ಲಿ ಇದಕ್ಕೆ ಬೀಜ ಮೊದಲೇ ಇತ್ತು. ಮೈಸೂರಿನ ಆರ್. ಶಾಮಾಶಾಸ್ತ್ರಿಗಳು ೧೯೦೯ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಒಂದು ಕಟ್ಟಳೆಯಿದೆ: ಗುಟ್ಟಾಗಿ ಗಾಯಕ್ಕೆ ಚಿಕಿತ್ಸೆ ಮಾಡಿಸಿಕೊಂಡವನ ಸಂಗತಿಯನ್ನು ವೈದ್ಯನೂ ಆ ಮನೆಯ ಯಜಮಾನನೂ ಅಧಿಕಾರಿಗೆ ತಿಳಿಸಿದರೆ ಬಿಡುಗಡೆ, ಮುಚ್ಚಿಟ್ಟರೆ ಅವನಷ್ಟೇ ದೋಷಿಗಳು. ೨೦೧೨ರ ನವೆಂಬರ್ ೧೪ರ ಮಕ್ಕಳ ದಿನದಂದು ಜಾರಿಗೆ ಬಂದ ಪೋಕ್ಸೊ ಕಾಯಿದೆಯ ೧೯ ಮತ್ತು ೨೦ನೆಯ ವಿಧಿಗಳು ಇದನ್ನೇ ನೆನಪಿಗೆ ತರುತ್ತವೆ. ಮಗುವಿನ ಮೇಲೆ ಅಪರಾಧ ನಡೆದುದು ತಿಳಿದ ಯಾರೇ ಆಗಲಿ ಪೊಲೀಸರಿಗೆ ಹೇಳಬೇಕು. ಹೋಟೆಲು, ವಸತಿಗೃಹ, ಆಸ್ಪತ್ರೆ, ಕ್ಲಬ್ಬು, ಸ್ಟುಡಿಯೋ, ಪತ್ರಿಕೆ ಯಾವುದಕ್ಕೂ ವಿನಾಯಿತಿಯಿಲ್ಲ. ೨೦೨೪ರ ಸೆಪ್ಟೆಂಬರ್ ೨೩ರಂದು ಸುಪ್ರೀಂ ಕೋರ್ಟು ಈ ಎಳೆಯನ್ನು ಜಾಲತಾಣಗಳವರೆಗೆ ಎಳೆಯಿತು. ಪೋಕ್ಸೊ ಕಾಯಿದೆಯ ಈ ಕರ್ತವ್ಯವನ್ನೂ ನೆರವೇರಿಸದ ಮಧ್ಯವರ್ತಿ ೭೯ನೆಯ ವಿಧಿಯ ಆಸರೆ ಕೇಳುವಂತಿಲ್ಲ ಎಂದಿತು.

ಅದೇ ತೀರ್ಪಿನಲ್ಲಿ ಭಾಷೆಯ ಮೇಷ್ಟರಿಗೆ ಹಿಡಿಸುವ ಇನ್ನೊಂದು ಮಾತಿದೆ. ಇಂಥ ದೃಶ್ಯಗಳನ್ನು ಮಕ್ಕಳ ಅಶ್ಲೀಲ ಚಿತ್ರವೆಂದು ಕರೆಯಬಾರದು, ಮಕ್ಕಳ ಲೈಂಗಿಕ ಶೋಷಣೆ ಮತ್ತು ದೌರ್ಜನ್ಯದ ಸಾಮಗ್ರಿ ಎನ್ನಬೇಕು ಎಂಬುದು. ನಮ್ಮ ಆಲಂಕಾರಿಕರು ಅಶ್ಲೀಲವನ್ನು ಮೂರು ಬಗೆ ಮಾಡಿದರು: ನಾಚಿಕೆ ಹುಟ್ಟಿಸುವುದು, ಹೇಸಿಗೆ ಹುಟ್ಟಿಸುವುದು, ಅಮಂಗಳವನ್ನು ಸೂಚಿಸುವುದು. ಮೂರೂ ಕೇಳುವವನ ಮನಸ್ಸಿನಲ್ಲಿ ಆಗುವಂಥವು. ಚಿತ್ರದಲ್ಲಿರುವ ಮಗುವಿಗೆ ಏನಾಯಿತೆಂಬುದು ಆ ಪದದಲ್ಲಿ ಇಲ್ಲವೇ ಇಲ್ಲ. ಶೋಷಣೆ ಎಂದಾಗ ಕಣ್ಣು ನೋಡುವವನಿಂದ ಮಗುವಿನ ಕಡೆಗೆ ತಿರುಗುತ್ತದೆ. ಹೊಣೆಗಾರಿಕೆಯ ಅರ್ಧ ಭಾಗ ಈ ತಿರುಗುವಿಕೆಯಲ್ಲೇ ಇದೆ.

ಇದಕ್ಕೆ ಎದುರಾಗಿ ಹೇಳುವವರ ಮಾತನ್ನೂ ಕೇಳಬೇಕು. ಅವರಲ್ಲಿ ಹಲವರು ಕಂಪನಿಗಳ ವಕೀಲರಲ್ಲ, ಸ್ವಾತಂತ್ರ್ಯವನ್ನು ಪ್ರೀತಿಸುವವರು. ಊರಿನ ಒಡೆಯನಿಗೆ ಹೊಣೆ ಹೊರಿಸಿದರೆ ಅವನು ಪ್ರತಿ ಮನೆಯ ಕಿಟಕಿಯಲ್ಲಿ ಇಣುಕತೊಡಗುತ್ತಾನೆ ಎಂಬುದು ಅವರ ಆಕ್ಷೇಪ. ೨೦೨೧ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಒಬ್ಬ ತಂದೆ, ತನ್ನ ಪುಟ್ಟ ಮಗನಿಗೆ ಆಗಿದ್ದ ಊತವನ್ನು ವೈದ್ಯರಿಗೆ ತೋರಿಸಲು ಫೋಟೋ ತೆಗೆದ. ಗೂಗಲ್ಲಿನ ಯಂತ್ರ ಅದನ್ನು ಅಪರಾಧದ ಚಿತ್ರವೆಂದು ಎಣಿಸಿತು. ಪೊಲೀಸರು ವಿಚಾರಿಸಿ ತಪ್ಪೇನೂ ಇಲ್ಲವೆಂದರು. ಖಾತೆ ಮಾತ್ರ ಹಿಂದಿರುಗಲಿಲ್ಲ. ಆಪಲ್ ಕಂಪನಿ ಅದೇ ವರ್ಷ ಆಗಸ್ಟಿನಲ್ಲಿ ಜನರ ಫೋಟೋಗಳಲ್ಲಿ ಇಂಥವನ್ನು ಪತ್ತೆಹಚ್ಚುವ ಯೋಜನೆಯೊಂದನ್ನು ಸಾರಿ, ಇದೇ ಕಿಟಕಿ ಮುಂದೆ ಸರ್ಕಾರಗಳಿಗೂ ತೆರೆದೀತೆಂಬ ವಿರೋಧ ಎದ್ದುದರಿಂದ, ೨೦೨೨ರ ಡಿಸೆಂಬರಿನಲ್ಲಿ ಕೈಬಿಟ್ಟಿತು. ಈ ಭಯ ಸುಳ್ಳಲ್ಲ. ಮಗುವಿನ ಹೆಸರು ಹೇಳಿ ದೊಡ್ಡವರ ಬಾಯಿ ಕಟ್ಟುವ ಸರ್ಕಾರ ಹುಟ್ಟದು ಎಂದು ಯಾರು ಮಾತು ಕೊಟ್ಟಾರು? ಬೀಗ ಹಾಕಿದ ಸಂದೇಶ ದುಷ್ಟನನ್ನು ಮರೆಮಾಡುವಂತೆ, ಮನೆಯಲ್ಲೇ ಪೀಡೆ ಅನುಭವಿಸುತ್ತಿರುವ ಮಗು ಹೊರಗಿನವರಿಗೆ ಗುಟ್ಟಾಗಿ ಬರೆಯುವ ಕಾಗದವನ್ನೂ ಕಾಯುತ್ತದೆ.

ಆದರೆ ನೋಡುವುದಕ್ಕೂ ಇಣುಕುವುದಕ್ಕೂ ಅಂತರವಿದೆ. ನಮ್ಮ ಊರಿನ ಜಾತ್ರೆಯನ್ನು ನೆನೆಯುತ್ತೇನೆ. ಜಾತ್ರೆ ನಡೆಸುವವರು ಬಂದವರ ಗಂಟುಮೂಟೆ ಬಿಚ್ಚಿ ನೋಡುವುದಿಲ್ಲ. ಆದರೆ ಬೀದಿಗೆ ದೀಪ ಹಾಕಿಸುತ್ತಾರೆ, ಬಾವಿಗೆ ಕಟ್ಟೆ ಕಟ್ಟಿಸುತ್ತಾರೆ, ತಪ್ಪಿಸಿಕೊಂಡ ಮಗುವನ್ನು ಕೂರಿಸಿಕೊಳ್ಳಲು ಒಂದು ಚಪ್ಪರ ಹಾಕಿ ರಾತ್ರಿಯೆಲ್ಲ ಹೆಸರು ಕ��ಗಿಸುತ್ತಾರೆ. ಬಾವಿಗೆ ಕಟ್ಟೆಯಿಲ್ಲದೆ ಮಗು ಬಿದ್ದರೆ "ಬಿದ್ದದ್ದು ನಮಗೆ ಗೊತ್ತಾಗಲಿಲ್ಲ" ಎಂಬ ಮಾತನ್ನು ಯಾರೂ ಕೇಳುವುದಿಲ್ಲ. ಅಪರಿಚಿತ ದೊಡ್ಡವರನ್ನು ಮಕ್ಕಳಿಗೆ ಪರಿಚಯಿಸದಿರುವುದು, ಮಕ್ಕಳ ಖಾತೆಯ ಬಾಗಿಲನ್ನು ಮೊದಲಿಗೇ ಮುಚ್ಚಿಡುವುದು, ದೂರಿನ ಗಂಟೆ ಭಾನುವಾರವೂ ಕೇಳುವಂತೆ ಮಾಡುವುದು, ಕೇಳಿದಾಗ ಓಡಿಬರುವುದು: ಇದಕ್ಕೆ ಯಾರ ಕಾಗದವನ್ನೂ ಒಡೆಯಬೇಕಾಗಿಲ್ಲ. ಈಗಾಗಲೇ ಗುರುತು ಹತ್ತಿದ ಚಿತ್ರ ಬಯಲಿನಲ್ಲಿ ಮತ್ತೆ ಹರಿದಾಡಿದರೆ ಬೆರಳಚ್ಚಿನಂತೆ ಹೋಲಿಸಿ ಹಿಡಿಯುವ ಫೋಟೋಡಿಎನ್ಎ ಎಂಬ ಸಾಧನ ೨೦೦೯ರಿಂದ ಇದೆ. ಕಾನೂನು ಕೇಳಬೇಕಾದದ್ದು ಮೊದಲು ಇವನ್ನು.

ಇನ್ನೊಂದು ಆಕ್ಷೇಪ, ಇದು ಹೆತ್ತವರ ಕೆಲಸವಲ್ಲವೇ ಎಂಬುದು. ಹೌದು, ಹೆತ್ತವರ ಕೆಲಸ, ಮೇಷ್ಟರ ಕೆಲಸ. ಆದರೆ ಆ ದಿನಸಿ ಅಂಗಡಿಯವರು ಮಗಳಿಗೆ ಮೊಬೈಲು ಕೊಡಿಸಿದ್ದು ಕಾಲೇಜಿನ ಸಮಾಚಾರ ಅದರಲ್ಲೇ ಬರುತ್ತದೆಂದು ನಾವು ಹೇಳಿದ್ದರಿಂದ. ಮಗುವಿನ ಕೈಯಲ್ಲಿರುವ ತಾಣವನ್ನು ಕಟ್ಟಲು ಸಾವಿರಾರು ಎಂಜಿನಿಯರುಗಳು ದುಡಿದಿದ್ದಾರೆ. ಅವಳ ಕಡೆಗೆ ಇರುವುದು ದಣಿದು ಮನೆಗೆ ಬಂದ ಒಬ್ಬ ತಂದೆ. ಈ ತಕ್ಕಡಿಯಲ್ಲಿ ಹೊಣೆಯನ್ನು ತಂದೆಯ ತಟ್ಟೆಗೇ ಹಾಕುವುದು ನ್ಯಾಯವೆನಿಸುವುದಿಲ್ಲ.

ನೋಡುವವನಿಗೆ ಕಷ್ಟಗಳೂ ಹೆಚ್ಚು. ಅಮೆರಿಕದಲ್ಲಿ ಕಂಪನಿಗಳ ವರದಿಗಳನ್ನು ಸ್ವೀಕರಿಸುವ, ಕಾಣೆಯಾದ ಮತ್ತು ಶೋಷಿತ ಮಕ್ಕಳ ರಾಷ್ಟ್ರೀಯ ಕೇಂದ್ರಕ್ಕೆ ೨೦೨೩ರಲ್ಲಿ ಬಂದ ವರದಿಗಳು ೩ ಕೋಟಿ ೬೦ ಲಕ್ಷಕ್ಕೂ ಹೆಚ್ಚು. ಇದು ಮಕ್ಕಳ ಲೆಕ್ಕವಲ್ಲ, ವರದಿಗಳ ಲೆಕ್ಕ. ಒಂದೇ ಚಿತ್ರ ಎಷ್ಟೋ ಸಲ ಬಂದಿರುತ್ತದೆ. ಅವುಗಳಲ್ಲಿ ಬಹುಪಾಲು ಕೆಲವೇ ಕಂಪನಿಗಳಿಂದ ಬಂದವು. ಹೆಚ್ಚು ವರದಿ ಮಾಡಿದವನು ಲೋಕದ ಕಣ್ಣಿಗೆ ಹೆಚ್ಚು ಹೊಲಸಿನವನಾಗಿ ಕಾಣುತ್ತಾನೆ. ಏನನ್ನೂ ವರದಿ ಮಾಡದವನ ಅಂಗಳ ಚೊಕ್ಕಟವಾಗಿ ಕಾಣುತ್ತದೆ. ೧೯೯೫ರ ಆ ವಿಪರೀತ ಇನ್ನೂ ಸತ್ತಿಲ್ಲ. ನೋಡಿದವನನ್ನು ಹಂಗಿಸದೆ, ನೋಡದವನನ್ನು ಬಿಡದೆ ಇರುವ ಕಾನೂನನ್ನು ಬರೆಯುವುದು ಸುಲಭವಲ್ಲ. ಆದರೆ ಬರೆಯಬೇಕಾದದ್ದು ಅದನ್ನೇ.

ನಮ್ಮ ಕಥೆಗೆ ಬರುತ್ತೇನೆ. ಪೊಲೀಸರಿಗೆ ಹೋಗುವುದು ಬೇಡವೆಂದು ಹುಡುಗಿಯ ತಂದೆ ಕೈಮುಗಿದು ಕೇಳಿಕೊಂಡರು. ಕಾಲೇಜಿನ ಹೆಸರಿನ ಚಿಂತೆ ನಮ್ಮಲ್ಲೂ ಕೆಲವರಿಗಿತ್ತು. ಕಾನೂನು ಬೇರೆ ದಾರಿ ಬಿಡಲಿಲ್ಲ; ಬಿಡದೆ ಇದ್ದದ್ದು ಒಳ್ಳೆಯದಾಯಿತು, ಬಿಟ್ಟಿದ್ದರೆ ನಾನು ಯಾವ ದಾರಿ ಹಿಡಿಯುತ್ತಿದ್ದೆನೆಂದು ಹೇಳಲಾರೆ. ವರದಿ ಕೊಟ್ಟೆವು. ಚಿತ್ರ ಮಾಡಿದ ಹುಡುಗನಿಗೂ ಹದಿನೇಳೇ ವರ್ಷ. ಕಾನೂನಿನ ಕಣ್ಣಿಗೆ ಅವನೂ ಮಗುವೇ, ಬಾಲನ್ಯಾಯ ಮಂಡಲಿಯ ಮುಂದೆ ಹೋದ. ಎರಡು ಸಂಸಾರಗಳು ಒಂದು ರಾತ್ರಿಯಲ್ಲಿ ಕೆಟ್ಟವು. ಗುಂಪಿನ ಸದ್ದು ನನ್ನ ಕಿವಿಗೆ ಬೀಳುತ್ತಿದ್ದರೆ ಅದು ಅಷ್ಟು ಹೊತ್ತು ಅಲ್ಲಿರುತ್ತಿರಲಿಲ್ಲ ಎಂಬುದನ್ನು ಮಾತ್ರ ಬಲ್ಲೆ. ಈಗ ಅಂಥ ಗುಂಪುಗಳಲ್ಲಿ ಅಧ್ಯಾಪಕರ ಹೊರತು ಯಾರೂ ಏನನ್ನೂ ಹಾಕದಂತೆ ಮಾಡಿದ್ದೇವೆ. ಆ ಸೌಕರ್ಯ ಮೊದಲೂ ಇತ್ತು. ನಾನು ಹುಡುಕಿರಲಿಲ್ಲ.

ಹುಡುಗಿ ಪರೀಕ್ಷೆಗೆ ಕುಳಿತಳು, ಒಳ್ಳೆಯ ಅಂಕಗಳಲ್ಲೇ ತೇರ್ಗಡೆಯಾದಳು. ಬೇರೆ ಊರಿನ ಕಾಲೇಜಿಗೆ ಸೇರುವ ಮೊದಲು ಅಂಕಪಟ್ಟಿ ತೆಗೆದುಕೊಳ್ಳಲು ಬಂದಿದ್ದಳು. ನಾನು ಏನೇನೋ ಹೇಳಬೇಕೆಂದುಕೊಂಡು ಏನೂ ಹೇಳಲಾರದೆ ನಿಂತಿದ್ದೆ. ಅವಳೇ ಬಾಗಿಲವರೆಗೆ ಹೋಗಿ ತಿರುಗಿ, "ಸಾರ್, ಆ ಫೋಟೋ ಒಂದು ತೆಗೆಸಿಬಿಡಿ" ಎಂದಳು.

"ಯಾವ ಫೋಟೋ?" ಎಂದೆ.

"ಚರ್ಚಾಸ್ಪರ್ಧೆದು ಸಾರ್. ಕಾಲೇಜಿನ ಜಾಲತಾಣದಲ್ಲಿ ಇನ್ನೂ ಇದೆ."

ಇತ್ತು. ನನಗೆ ಗೊತ್ತಿರಲಿಲ್ಲ.